ಎರಡು ಕುರ್ಚಿಗಳ ಸೇನಾಪತಿ

ಸಂಜೆ ಐದಕ್ಕೆ ಯುದ್ಧ ನಿಲ್ಲಬೇಕು. ಇದು ಮ್ಯೂರಿಯೆಲ್ ಹಾಕಿದ ಕಟ್ಟಳೆ. ಯಾರೇ ಗೆಲ್ಲುತ್ತಿರಲಿ, ಯಾರ ಕುದುರೆಪಡೆ ಯಾರ ಬೆನ್ನಿಗೆ ಬಿದ್ದಿರಲಿ, ಗೋಡೆ ಗಡಿಯಾರ ಐದು ಹೊಡೆದ ಕೂಡಲೇ ಆಕೆ ಮೇಜುಬಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದಳು. ಅಲೆಕ್ಸಾಂಡರನ ಹಳೆಯ ಸೇನಾಪತಿಗಳು ತಮ್ಮ ಆನೆ, ಕುದುರೆ, ಈಟಿಗಾರರನ್ನೆಲ್ಲ ಕಟ್ಟಿಕೊಂಡು ಊಟದ ತಟ್ಟೆಗಳಿಗೆ ಜಾಗ ಬಿಟ್ಟುಕೊಡಬೇಕಿತ್ತು.

"ನಿನ್ನ ಒಕ್ಕಣ್ಣ ರಾಜ ಮತ್ತೆ ಬಟಾಣಿ ಬಟ್ಟಲಿಗೆ ಇಳಿದಿದ್ದಾನೆ ನೋಡು," ಎಂದಳು ಒಂದು ದಿನ, ಚಮಚದ ತುದಿಯಲ್ಲಿ ಆಂಟಿಗೊನಸ್‌ನ ಸೀಸದ ಗೊಂಬೆಯನ್ನು ಎತ್ತಿ ಹಿಡಿದು. "ಮೈಯೆಲ್ಲ ಬೆಣ್ಣೆ ಮಾಡ್ಕೊಂಡಿದ್ದಾನೆ. ಒರೆಸಿ ಕೊಡ್ಲಾ, ಹಾಗೇ ತಿಂತೀಯಾ?"

ಆಲ್ವಿನ್ ತಮಾಷೆಗೆ ನಕ್ಕ. ಆದರೆ ಗೊಂಬೆಯನ್ನು ಕೈವಸ್ತ್ರದಲ್ಲಿ ಒರೆಸುವಾಗ ಅದರ ಕೆಂಪು ಮೇಲಂಗಿಯ ಅಂಚಿನಲ್ಲಿ ಬಣ್ಣ ಎದ್ದಿರುವುದು ಕಣ್ಣಿಗೆ ಬಿತ್ತು. ನಗು ನಿಲ್ಲಿಸಿ, ಎದ್ದ ಬಣ್ಣವನ್ನು ಉಗುರಿನಿಂದ ಮೆಲ್ಲಗೆ ಒತ್ತಿ ಕೂರಿಸಿದ.

ಆಲ್ವಿನ್ ಥಾರ್ಲಿ ಡರ್ಬಿಶೈರಿನ ಆ ಗಿರಣಿಪೇಟೆಯ ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ಜೀವಮಾನವೆಲ್ಲ ಕೆಲಸ ಮಾಡಿ ನಿವೃತ್ತನಾದವನು. ಮದುವೆಯಾಗಿರಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ, ಏರುದಾರಿಯ ತುದಿಯಲ್ಲಿದ್ದ ಕಡಿದಾದ ಮೆಟ್ಟಿಲುಗಳ ಮನೆಯನ್ನು ಬಿಟ್ಟು, ಕೆಳಗಿನ ಬೀದಿಯಲ್ಲಿ ಗಂಡ ತೀರಿಕೊಂಡ ಅಕ್ಕ ಮ್ಯೂರಿಯೆಲ್‌ಳ ಒಂದಂತಸ್ತಿನ ಮನೆಗೆ ಬಂದು ಸೇರಿದ್ದ. ಅಕ್ಕ ತಮ್ಮ ಚೆನ್ನಾಗಿಯೇ ಇದ್ದರು. ಆಕೆ ಅವನಿಗೆ ಬೆಳಕಿನ ಕೋಣೆ ಬಿಟ್ಟುಕೊಟ್ಟಳು. ಅವನು ಆಕೆಯ ಸೋರುವ ನಲ್ಲಿಗಳನ್ನೆಲ್ಲ ಸರಿಮಾಡಿದ. ಬಾರದೆ ಹೋದದ್ದು ಒಂದೇ. ಹಳೆಯ ಮನೆಯ ಅಟ್ಟದಲ್ಲಿ ಒಂದು ದೊಡ್ಡ ಮೇಜು ಇತ್ತು. ಅದರ ಮೇಲೆ ಹೂಡಿದ ಕಾಳಗ ವಾರಗಟ್ಟಲೆ ಹಾಗೆಯೇ ನಿಂತಿರುತ್ತಿತ್ತು. ಬೆಳಿಗ್ಗೆ ಚಹಾ ಹಿಡಿದು ಹೋಗಿ ಒಂದು ದಾಳ ಉರುಳಿಸಿ, ಮಧ್ಯಾಹ್ನ ಇನ್ನೊಂದು. ಆ ಮೇಜು ಈ ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಈಗ ಇರುವುದು ಊಟದ ಮೇಜು ಮಾತ್ರ, ಅದೂ ಸಂಜೆ ಐದರ ತನಕ.

ಅವನ ಆಟ ಹೀಗೆ. ಬೆರಳ ಗೆಣ್ಣಿನಷ್ಟು ಎತ್ತರದ ಸೀಸದ ಗೊಂಬೆಗಳ ಎರಡು ಸೇನೆ, ದಾಳಗಳು, ದೂರ ಅಳೆಯಲು ಟೇಪು, ಯಾರು ಎಷ್ಟು ನಡೆಯಬಹುದು, ಯಾವಾಗ ಎದೆಗೆಡುತ್ತಾರೆ ಎಂಬ ನಿಯಮಗಳು. ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾಪತಿಗಳು ರಾಜ್ಯದ ಪಾಲಿಗಾಗಿ ಕಚ್ಚಾಡಿದರಲ್ಲ, ಆ ಕಾಲವೇ ಆಲ್ವಿನ್‌ನ ಲೋಕ. ಒಂದು ಕಡೆ ಒಕ್ಕಣ್ಣಿನ ಮುದಿ ಹುಲಿ ಆಂಟಿಗೊನಸ್. ಇನ್ನೊಂದು ಕಡೆ ಯೂಮೆನಿಸ್, ಅಲೆಕ್ಸಾಂಡರನ ಕರಣಿಕನಾಗಿದ್ದು ಸೇನಾಪತಿಯಾದವನು. ಎರಡೂ ಕಡೆ ಆನೆಗಳು, ಸಿಂಧೂ ನದಿಯ ಬಯಲಿನಿಂದ ನಡೆದು ಬಂದವು. ಎರಡೂ ಕಡೆ ಒಂದೇ ಭಾಷೆ, ಒಂದೇ ಉದ್ದದ ಈಟಿ. ಮೊನ್ನೆಯವರೆಗೆ ಒಂದೇ ಬೆಂಕಿಯ ಸುತ್ತ ಕೂತು ಉಂಡವರು. ಪ್ರತಿಯೊಬ್ಬನಿಗೂ ಬಣ್ಣ ಹಚ್ಚಿದವನು ಆಲ್ವಿನ್ನೇ. ಅವನ ಹೊತ್ತು ಹೆಚ್ಚು ಹೋದದ್ದು ಮಾವುತರ ಮೇಲೆ: ಬಿಸಿಲುಂಡ ಮೈಯ ಬಣ್ಣ ಸರಿಯಾಗಿ ಬರುವ ತನಕ ಕೆರೆದು ಕೆರೆದು ಹೊಸದಾಗಿ ಹಚ್ಚಿದ್ದ.

ಎದುರಾಳಿ ಇರಲಿಲ್ಲ. ಹುಡುಗನಾಗಿದ್ದಾಗ ಒಬ್ಬ ಸೋದರಸಂಬಂಧಿ ಇದ್ದ. ಅವರ ಮನೆಯವರು ಕೆನಡಾಕ್ಕೆ ಹೋದ ಮೇಲೆ ಆಲ್ವಿನ್ ಎರಡೂ ಕಡೆ ತಾನೇ ಆಡತೊಡಗಿದ, ಹಾಗೆಯೇ ಉಳಿದ. ಅದನ್ನು ಒಂಟಿತನ ಎಂದು ಅವನು ಎಂದೂ ಅಂದುಕೊಂಡಿರಲಿಲ್ಲ. ಅದೊಂದು ಶಿಸ್ತು. ಪ್ರಯೋಗಾಲಯದಲ್ಲಿ ಯಾವ ಬಾಟಲಿ ಯಾವ ಕೆರೆಯ ನೀರೆಂದು ತನಗೇ ತಿಳಿಯದಂತೆ ಗುರುತು ಮುಚ್ಚಿಟ್ಟು ಪರೀಕ್ಷೆ ಮಾಡುತ್ತಿದ್ದವನು, ಇಲ್ಲಿಯೂ ಹಾಗೆಯೇ. ಮೇಜಿನ ಎರಡು ಉದ್ದಬದಿಗೆ ಎರಡು ಕುರ್ಚಿ. ಒಂದು ಕುರ್ಚಿಯಲ್ಲಿ ಕೂತಾಗ ಅವನು ಪೂರಾ ಯೂಮೆನಿಸ್. ತನ್ನ ನಡೆ ಮುಗಿದ ಮೇಲೆ ಎದ್ದು, ಕಿಟಕಿಯ ಬಳಿ ನಿಂತು ಹೊರಗಿನ ಹೊಗೆಗೂಡುಗಳನ್ನು ನೋಡುತ್ತ ಮನಸ್ಸನ್ನು ಬರಿದು ಮಾಡಿಕೊಂಡು, ಮೇಜನ್ನು ಸುತ್ತಿ ಬಂದು ಆಚೆಯ ಕುರ್ಚಿಯಲ್ಲಿ ಕೂತರೆ ಪೂರಾ ಆಂಟಿಗೊನಸ್. ಈಗಷ್ಟೇ ತಾನೇ ಕಟ್ಟಿದ ಸಾಲನ್ನು ಮುರಿಯುವುದು ಹೇಗೆಂದು ಅಷ್ಟೇ ಶ್ರದ್ಧೆಯಿಂದ ಯೋಚಿಸುತ್ತಿದ್ದ. ತನಗೆ ತಾನು ಮೋಸ ಮಾಡಿಕೊಳ್ಳಲಿಲ್ಲ ಎಂಬುದು ಅವನ ಒಳಗಿನ ದೊಡ್ಡ ಹೆಮ್ಮೆ.

"ಎರಡೂ ಕಡೆ ನೀನೇ ಅಂದ್ಮೇಲೆ ಸೋಲೋದು ಯಾರು?" ಎಂದು ಮ್ಯೂರಿಯೆಲ್ ಕೇಳಿದ್ದಳು.

"ಸೋಲೋನೂ ನಾನೇ."

"ಹಾಗಾದ್ರೆ ಬೇಜಾರು ಮಾಡ್ಕೊಳ್ಳೋದಕ್ಕೆ ಮನೇಲಿ ಒಬ್ಬ ಇದ್ದೇ ಇರ್ತಾನೆ ಅನ್ನು," ಎಂದು ಆಕೆ ತಟ್ಟೆ ಎತ್ತಿಕೊಂಡು ಹೋಗಿದ್ದಳು.

ಊಟದ ಮೇಜಿನ ಉದ್ದಬದಿಗಳು ಯುದ್ಧಕ್ಕೆ. ಅಡುಗೆಮನೆಯ ಬಾಗಿಲ ಕಡೆಯ ತುದಿಯಲ್ಲಿದ್ದ ಕುರ್ಚಿ ಮ್ಯೂರಿಯೆಲ್‌ಳದು. ಅದಕ್ಕೂ ಯುದ್ಧಕ್ಕೂ ಸಂಬಂಧವಿರಲಿಲ್ಲ. ಅದರ ಎದುರಿನ ಕಿಟಕಿಯ ಹಲಗೆಯ ಮೇಲೆ ಆಲ್ವಿನ್ ತನ್ನ ಬಣ್ಣದ ಶೀಶೆಗಳನ್ನು ಸಾಲಾಗಿ ಜೋಡಿಸಿದ್ದ, ಕಡುಗೆಂಪಿನಿಂದ ತಿಳಿಹಳದಿಯವರೆಗೆ, ಪ್ರಯೋಗಾಲಯದ ಕಪಾಟಿನ ಅಚ್ಚುಕಟ್ಟಿನಲ್ಲಿ. ಈಚೆಗೆ ಊಟದ ಹೊತ್ತಿನಲ್ಲಿ ಕತ್ತನ್ನು ಅತ್ತಿತ್ತ ಕೊಂಕಿಸುವ ಅಭ್ಯಾಸ ಆಕೆಗೆ ಹತ್ತಿತ್ತು. ವಯಸ್ಸಿನ ಬಾಧೆ ಇರಬೇಕು, ಡಾಕ್ಟರಿಗೆ ತೋರಿಸು ಎಂದು ಅವನು ಹೇಳಿದ. ಕತ್ತಿಗೇನೂ ಆಗಿಲ್ಲ ಎಂದು ಆಕೆ ಮಾತು ತೇಲಿಸಿದಳು.

ಅರ್ಧ ಹೂಡಿದ ಕಾಳಗವನ್ನು ಉಳಿಸಿಕೊಳ್ಳಲು ಅವನು ಏನೇನೋ ಮಾಡಿ ನೋಡಿದ. ಗೊಂಬೆಗಳನ್ನು ತಟ್ಟೆಗಳಲ್ಲಿಟ್ಟು ಮಂಚದ ಕೆಳಗೆ ಸರಿಸಿದ. ಫೋನಿನಲ್ಲಿ ಚಿತ್ರ ತೆಗೆದು, ಮರುದಿನ ಚಿತ್ರ ನೋಡಿ ಹೂಡಿದ. ಎಲ್ಲವೂ ಇದ್ದಲ್ಲೇ ಬಂದು ನಿಂತರೂ ಕಾಳಗದ ಬಿಸಿ ಆರಿಹೋಗಿರುತ್ತಿತ್ತು, ಕಾಯಿಸಿ ಕಾಯಿಸಿ ಬಡಿಸಿದ ಸಾರಿನ ಹಾಗೆ. ಕೊನೆಗೆ ಪೆಟ್ಟಿಗೆಗಳ ಮುಚ್ಚಳ ತೆಗೆಯುವುದನ್ನೇ ಬಿಟ್ಟ. ಬೇಸಿಗೆಯೆಲ್ಲ ಸೇನೆಗಳು ಹತ್ತಿಯ ಹಾಸಿನ ಮೇಲೆ ಮಲಗಿದ್ದವು.

ಸೆಪ್ಟೆಂಬರಿನಲ್ಲಿ ಒಂದು ದಿನ ಅವನು ಒಂದು ನಿರ್ಧಾರಕ್ಕೆ ಬಂದ. ಮುಂದಿನ ತಿಂಗಳು ಪಕ್ಕದ ಪೇಟೆಯ ಕ್ರೀಡಾಂಗಣದಲ್ಲಿ ಈ ಆಟದವರ ವಾರ್ಷಿಕ ಮೇಳ. ಅಲ್ಲಿ ಹಳೆಯ ಸೇನೆಗಳನ್ನು ಕೈಬದಲಾಯಿಸುವ ಮಳಿಗೆಯೂ ಇರುತ್ತದೆ. ಅಷ್ಟರೊಳಗೆ ಇವಕ್ಕೊಂದು ಮೇಜು ಸಿಕ್ಕದಿದ್ದರೆ ಎರಡೂ ಸೇನೆಯನ್ನು ಆ ಮಳಿಗೆಯಲ್ಲಿ ಇಟ್ಟುಬಿಡುವುದು. ಕಾದಾಡದ ಸೈನಿಕರನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಲು ತನಗೆ ಹಕ್ಕಿಲ್ಲ ಎಂಬುದು ಅವನ ತರ್ಕ. ಮ್ಯೂರಿಯೆಲ್‌ಗೆ ಹೇಳಿದಾಗ ಆಕೆ ಹೆಣಿಗೆ ಕೆಳಗಿಟ್ಟಳು. ತಾನೆಂದೂ ಮಾರು ಅಂದಿಲ್ಲ, ಐದಕ್ಕೆ ತೆಗಿ ಅಂದದ್ದಷ್ಟೇ ಎಂದಳು. ನೀನು ಅಂದೆ ಅಂತ ನಾನೂ ಹೇಳಲಿಲ್ಲವಲ್ಲ ಎಂದ. ಆಕೆ ಹೆಣಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು.

ಪೇಟೆಯ ಪ್ರಾರ್ಥನಾಮಂದಿರದ ಹಿಂದಿನ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಈ ಆಟದವರ ಸಂಘ ಸೇರುತ್ತಿತ್ತು. ಆಲ್ವಿನ್‌ಗೆ ಅದು ಗೊತ್ತಿದ್ದದ್ದೇ. ಆ ಬಾಗಿಲು ಮಾತ್ರ ಎಂದೂ ತಳ್ಳಿರಲಿಲ್ಲ. ಈಗ ತಳ್ಳಿದ. ಕಾರ್ಯದರ್ಶಿ ನೆವಿಲ್ ಸ್ಟಬ್ಸ್ ಎಂಬ ದಪ್ಪ ಮನುಷ್ಯ, ಚಹಾದ ದೊಡ್ಡ ಹಂಡೆಯ ಪಕ್ಕ ನಿಂತು ಬನ್ನಿನೊಳಗೆ ಹಂದಿಮಾಂಸದ ಚೂರಿಟ್ಟು ಹಂಚುತ್ತಿದ್ದ. ಆ ಕಡೆಯವರ ಬಾಯಲ್ಲಿ ಬಸ್ಸಿನ ಡ್ರೈವರಿನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರಿನವರೆಗೆ ಎಲ್ಲರೂ 'ಡಕ್'. ಪ್ರೀತಿಗೂ ಅದೇ, ಬೈಗುಳಕ್ಕೂ ಅದೇ. ಆಲ್ವಿನ್ ತನ್ನ ಬೇಡಿಕೆಯನ್ನು ವಿವರಿಸಿದ. ಒಂದು ಮೂಲೆಯ ಮೇಜು ಸಾಕು, ಯಾರಿಗೂ ತೊಂದರೆ ಕೊಡದೆ ತಾನೊಬ್ಬನೇ ಆಡಿಕೊಳ್ಳುತ್ತೇನೆ.

"ಒಬ್ಬರಿಗೊಂದು ಮೇಜು ಕೊಡೋಕಾಗಲ್ಲ, ಡಕ್," ಎಂದ ನೆವಿಲ್. "ಇರೋ ಮೇಜುಗಳಿಗೇ ಜನ ಕಾಯ್ತಾ ಇದ್ದಾರೆ. ಒಂದು ಮೇಜು, ಎರಡು ಜನ. ಅದು ಮೊದಲಿಂದ ನಡ್ಕೊಂಡು ಬಂದದ್ದು. ಯಾರ ಜೊತೆಗಾದ್ರೂ ಆಡೋದಾದ್ರೆ ಬನ್ನಿ, ಹೇಗಾದ್ರೂ ಜಾಗ ಮಾಡೋಣ."

ಆಲ್ವಿನ್ ಟೋಪಿ ಕೈಗೆತ್ತಿಕೊಂಡಿದ್ದ. ಆಗ ಪಕ್ಕದ ಮೇಜಿನಿಂದ ಒಬ್ಬ ಹೆಂಗಸು, ಕನ್ನಡಕ ಹಣೆಗೇರಿಸಿ, ಯಾವ ಕಾಲದ ಸೇನೆ ಎಂದು ಕೇಳಿದಳು. ಅಲೆಕ್ಸಾಂಡರನ ಸೇನಾಪತಿಗಳು ಎಂದಾಗ ಆಕೆಯ ಮುಖ ಅರಳಿತು. ಇಲ್ಲಿ ಎಲ್ಲಿ ನೋಡಿದರೂ ರೋಮನ್ನರೇ, ನೋಡಿ ನೋಡಿ ಹಲ್ಲು ನೋವು ಬಂದಿದೆ ಎಂದಳು. ಹೆಸರು ರೋವೀನಾ ಬೂತ್, ದಂತವೈದ್ಯೆ. ಹಲ್ಲು ಕೆರೆಯುವ ಸವೆದ ಸಲಕರಣೆಗಳಲ್ಲೇ ಗೊಂಬೆಗಳ ಅಂಗಿಯ ಮಡಿಕೆ ಕೆತ್ತುತ್ತಾಳೆಂದು ನೆವಿಲ್ ಹೇಳಿದ. ಮುಂದಿನ ಭಾನುವಾರ ನಾವಿಬ್ಬರು ಆಡೋಣ, ಎರಡೂ ಸೇನೆ ತನ್ನಿ, ನನಗೊಂದನ್ನು ಎರವಲು ಕೊಡಿ ಎಂದು ಆಕೆ ತಾನೇ ಗೊತ್ತುಮಾಡಿದಳು.

ಆ ವಾರ ಆಲ್ವಿನ್ ಗೊಂಬೆಗಳನ್ನು ದಿನಕ್ಕೆರಡು ಸಲ ತೆಗೆದು, ಒರೆಸಿ, ಮತ್ತೆ ಒಳಗಿಟ್ಟ. ಸೋಲಿನ ಭಯವಲ್ಲ, ಸೋಲು ಅವನಿಗೆ ಹಳೆಯ ಪರಿಚಯ. ತಾನು ಮುಂದಿಟ್ಟ ಸಾಲನ್ನು ತಾನಲ್ಲದ ಒಂದು ಜೊತೆ ಕಣ್ಣು ನೋಡುತ್ತದೆ ಎಂಬುದೇ ವಿಚಿತ್ರವಾಗಿತ್ತು. ಇದು ಸರಿಹೋಗದಿದ್ದರೆ ಉಳಿಯುವುದು ಆ ಮಳಿಗೆ ಮಾತ್ರ. ಮೇಳಕ್ಕೆ ಹೆಚ್ಚು ದಿನವೂ ಇರಲಿಲ್ಲ. ಮ್ಯೂರಿಯೆಲ್ ಅವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು, ಮದುವೆಯ ಹೆಣ್ಣು ನೋಡಲು ಹೋಗುವವನಿಗೆ ಹಾಕಿಕೊಟ್ಟ ಹಾಗೆ.

ಭಾನುವಾರ ಮೇಜಿನ ಮೇಲೆ ಹಲಗೆಗಳನ್ನು ಜೋಡಿಸಿ, ಹಸಿರು ಬಟ್ಟೆ ಹಾಸಿ, ಕಾರ್ಕಿನ ಗುಡ್ಡವೊಂದನ್ನು ಇಟ್ಟು, ಇಬ್ಬರೂ ಸೇನೆ ಹೂಡಿದರು. ರೋವೀನಾಗೆ ಆಂಟಿಗೊನಸ್, ಆಲ್ವಿನ್‌ಗೆ ಯೂಮೆನಿಸ್. ಆಕೆ ಒಂದೊಂದು ಗೊಂಬೆಯನ್ನೂ ಬೆಳಕಿಗೆ ಹಿಡಿದು ನೋಡಿದಳು. ಮಾವುತರ ಬಳಿ ಬಂದಾಗ ಬಹಳ ಹೊತ್ತು ನೋಡಿ, ಏನೂ ಹೇಳದೆ ಮೆಲ್ಲಗೆ ಕೆಳಗಿಟ್ಟಳು. ಅದು ಆಲ್ವಿನ್‌ಗೆ ಯಾವ ಹೊಗಳಿಕೆಗಿಂತಲೂ ಹಿತವಾಯಿತು. ಕೈಕುಲುಕಿ ಆಟ ಶುರುಮಾಡಿದರು.

ಈ ಆಟದವರಲ್ಲಿ ಒಂದು ಮರ್ಯಾದೆ ಇದೆ. ಇನ್ನೊಬ್ಬರ ಗೊಂಬೆಯನ್ನು ಕೇಳದೆ ಮುಟ್ಟುವುದಿಲ್ಲ. ಗೊಂಬೆ ಎರವಲು ಕೊಟ್ಟದ್ದಾದರೂ ಅಷ್ಟೇ. ಕಾಳಗ ಮುಗಿಯುವ ತನಕ ಅದು ನಡೆಸುವವರದು. ಆಲ್ವಿನ್ ಇದನ್ನು ಪುಸ್ತಕಗಳಲ್ಲಿ ಓದಿ ಬಲ್ಲ. ಆದರೆ ಬಲ್ಲದ್ದು ತಲೆ. ಕಾಲಿಗೆ ಯಾರೂ ಹೇಳಿರಲಿಲ್ಲ.

ಮೊದಲ ಒಂದೆರಡು ಸರದಿ ಅವನು ಬಿಗಿಯಾಗಿ ಕೂತೇ ಇದ್ದ. ಆಮೇಲೆ ಆಟ ಹಿಡಿಯಿತು. ಅಕ್ಕಪಕ್ಕದ ಗದ್ದಲ ಕಿವಿಯಿಂದ ಜಾರಿತು. ತನ್ನ ಆನೆಗಳನ್ನು ಈಟಿಗಾರರ ಮುಂದೆ ತಂದು ನಿಲ್ಲಿಸಿ, ಟೇಪು ಮಡಿಚಿ, ಎಂದಿನಂತೆ ಎದ್ದ. ಕಿಟಕಿಯ ಬಳಿ ಹೋಗಿ, ಮಂದಿರದ ಪಕ್ಕದ ಸ್ಮಶಾನದಲ್ಲಿ ಎಲೆ ಉದುರುತ್ತಿದ್ದ ಮರವನ್ನು ನೋಡುತ್ತ ನಿಂತ. ಮನಸ್ಸು ಬರಿದಾಯಿತು. ಮೇಜನ್ನು ಸುತ್ತಿ ಬಂದ. ಆಂಟಿಗೊನಸ್‌ನ ಬದಿಯಿಂದ ಒಂದು ಸಲ ಕಣ್ಣಾಡಿಸಿದ್ದೇ ತಡ, ಎಡಪಕ್ಕದಲ್ಲಿ ಕಾರ್ಕಿನ ಗುಡ್ಡಕ್ಕೂ ಮೇಜಿನ ಅಂಚಿಗೂ ನಡುವೆ ಒಂದು ಓಣಿ ಬಯಲಾಗಿರುವುದು ಕಂಡಿತು. ಅದರ ಆಚೆ ಯೂಮೆನಿಸ್‌ನ ಪಾಳೆಯ, ಕಾವಲಿಲ್ಲದೆ. ಅವನು ಕೈಚಾಚಿ ಕುದುರೆಪಡೆಯನ್ನು ಎತ್ತಿ, ಅಳೆದು, ಓಣಿಯ ಬಾಯಲ್ಲಿ ಇಟ್ಟ.

ಅವನ ಮೊಣಕೈ ಯಾರದೋ ಭುಜಕ್ಕೆ ತಾಗಿತು.

"ಆಲ್ವಿನ್," ಎಂದಳು ರೋವೀನಾ, ಮೆತ್ತಗೆ. "ನಾನು ಇಲ್ಲೇ ಇದ್ದೀನಿ."

ಅವನು ಕೆಳಗೆ ನೋಡಿದ. ಆ ಕುರ್ಚಿಯಲ್ಲಿ ಆಕೆ ಕೂತಿದ್ದಳು. ಆಕೆಯ ಮಗ್ಗುಲಲ್ಲಿ ನಿಂತು, ಆಕೆಯ ತಲೆಯ ಮೇಲಿಂದ ಕೈಚಾಚಿ, ಆಕೆಯ ಕುದುರೆಗಳನ್ನು ಅವನು ನಡೆಸಿದ್ದ. ಹತ್ತಿರದ ಮೇಜುಗಳಲ್ಲಿ ದಾಳದ ಸದ್ದು ನಿಂತಿತ್ತು.

ಅವನು ಏನೇನೋ ತೊದಲಿದ. ಕುದುರೆಪಡೆಯನ್ನು ಹಿಂದಕ್ಕಿಡಲು ಹೋಗಿ, ಮುಟ್ಟಬಾರದೆಂದು ನೆನಪಾಗಿ ಕೈ ಹಿಂದೆಳೆದ. ತನ್ನ ಕುರ್ಚಿಗೆ ಮರಳಿ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಆಕೆ ಏನೂ ಆಗದವಳಂತೆ ಗೊಂಬೆಗಳನ್ನು ಮೊದಲಿದ್ದಲ್ಲಿಗೆ ಸರಿಸಿ ತನ್ನ ನಡೆ ನಡೆಸಿದಳು. ಆದರೆ ಮುಂದಿನ ಸರದಿ ಮುಗಿದಾಗ ಅವನ ಕಾಲು ಮತ್ತೆ ಎದ್ದೇ ಬಿಟ್ಟಿತು. ಈ ಸಲ ಅರ್ಧದಾರಿಯಲ್ಲಿ, ಮೇಜಿನ ತುದಿಯಲ್ಲಿ ಎಚ್ಚರವಾಗಿ ಗಕ್ಕನೆ ನಿಂತ. ಹೋಗುವ ಹಾಗಿಲ್ಲ, ಬರುವ ಹಾಗಿಲ್ಲ, ಬೀದಿ ದಾಟಲು ಕಾಯುವವನ ಹಾಗೆ.

"ಕುರ್ಚಿಗೆ ಕಟ್ಟಿಹಾಕೋಣ್ವಾ, ಡಕ್?" ಎಂದ ನೆವಿಲ್. "ಹಗ್ಗ ಸಿಗುತ್ತೆ, ಗಂಟೆಗೋಪುರದಲ್ಲಿ."

ಎಲ್ಲರೂ ನಕ್ಕರು. ಕೆಟ್ಟ ನಗೆಯೇನಲ್ಲ. ಆಲ್ವಿನ್‌ನೂ ನಗಲು ನೋಡಿದ. ತುಟಿ ಮಾತ್ರ ಬಿರಿಯಿತು. ಚಹಾದ ಬಿಡುವು ಬಂದಾಗ ಉಳಿದವರು ಹಂಡೆಯ ಕಡೆ ಹೋದರು, ಅವನು ಬಗ್ಗಿ ಪೆಟ್ಟಿಗೆಗಳ ಮುಚ್ಚಳ ತೆಗೆದ. ಇಷ್ಟು ವರ್ಷ ಒಬ್ಬನೇ ಆಡಿದವನ ಮೈಗೆ ಇನ್ನೊಬ್ಬರ ಜೊತೆ ಆಡುವುದು ಒಗ್ಗದು. ಪ್ರಯೋಗ ಮಾಡಿಯಾಯಿತು, ಫಲಿತಾಂಶ ಕಣ್ಣೆದುರಿಗಿದೆ. ಇವು ಮೇಳಕ್ಕೆ ಹೋಗಲಿ. ಯಾರೋ ಒಯ್ಯುತ್ತಾರೆ, ಬೇರೆ ಮೇಜಿನ ಮೇಲೆ ಕಾದಾಡುತ್ತವೆ. ಮೊದಲ ಆನೆಯನ್ನು ಹತ್ತಿಯ ಮೇಲೆ ಮಲಗಿಸಿದ.

"ಯಾಕೆ, ನನ್ನ ಸರದಿ ಬಾಕಿ ಇದೆಯಲ್ಲ?"

ರೋವೀನಾ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಬನ್ನು ಹಿಡಿದು ನಿಂತಿದ್ದಳು. ಆಕೆಯ ಕಣ್ಣು ಆ ಕಾರ್ಕಿನ ಗುಡ್ಡದ ಮೇಲಿತ್ತು.

"ಆ ಓಣಿ," ಎಂದಳು. "ನನ್ನ ಕುದುರೆಗಳನ್ನ ಅಲ್ಲಿ ಇಟ್ಟಿರಲ್ಲ. ನಾನು ವಾಪಸ್ ತಂದೆ. ತಂದ ಮೇಲೆ ನೋಡ್ತೀನಿ, ಅದಕ್ಕಿಂತ ಒಳ್ಳೇ ನಡೆ ನನಗೆ ಇಲ್ಲವೇ ಇಲ್ಲ. ನಿಮ್ಮ ಪಾಳೆಯ ಬಯಲಿಗೆ ಬಿದ್ದಿದೆ ಅಂತ ಗೊತ್ತಿದ್ದೂ ನನಗೆ ತೋರಿಸಿಕೊಟ್ರಾ?"

"ಗೊತ್ತಿರಲಿಲ್ಲ," ಎಂದ ಆಲ್ವಿನ್. "ಈ ಕಡೆ ಕೂತಾಗ ಕಾಣಿಸಲಿಲ್ಲ. ಆ ಕಡೆ ನಿಂತಾಗ ಕಾಣಿಸ್ತು." ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಟ್ಟು, ಯಾರಿಗೂ ಪೂರಾ ಹೇಳಿರದ ಎರಡು ಕುರ್ಚಿಯ ಕಥೆ ಹೇಳಿದ. ಅಟ್ಟ, ಕಿಟಕಿ, ಹೊಗೆಗೂಡು, ಎಲ್ಲ.

ಆಕೆ ಬನ್ನು ಜಗಿಯುತ್ತ ಕೇಳಿದಳು. ಕೇಳಿ ಮುಗಿದ ಮೇಲೆ, ಇನ್ನೊಬ್ಬರ ಕಡೆಯಿಂದ ಅಷ್ಟು ನಿಯತ್ತಾಗಿ ಯೋಚಿಸುವವರನ್ನು ಕುರ್ಚಿಗೆ ಕಟ್ಟಿಹಾಕುವುದು ದಂಡ ಎಂದಳು.

"ನೀವು ಏಳೋದು ತಪ್ಪಲ್ಲ. ನೀವು ಎದ್ದಾಗ ನಾನು ಕೂತೇ ಇದ್ನಲ್ಲ, ಅದೇ ಎಡವಟ್ಟು. ಈ ಸಲ ನಾನೂ ಏಳ್ತೀನಿ."

ಹಾಗೆಂದರೆ ಏನೆಂದು ಅವನಿಗೆ ಕೂಡಲೇ ಹೊಳೆಯಲಿಲ್ಲ. ಆಕೆ ವಿವರಿಸಿದಳು. ಒಂದೊಂದು ಸುತ್ತು ಮುಗಿದಾಗಲೂ ಇಬ್ಬರೂ ಎದ್ದು ಮೇಜು ಸುತ್ತಿ ಜಾಗ ಬದಲಿಸುವುದು. ಆಕೆ ಬಿಟ್ಟ ಸೇನೆ ಅವನಿಗೆ, ಅವನು ಬಿಟ್ಟದ್ದು ಆಕೆಗೆ. ಆಲ್ವಿನ್ ಮಲಗಿಸಿದ್ದ ಆನೆಯನ್ನು ಎತ್ತಿ ಮತ್ತೆ ಸಾಲಿಗೆ ನಿಲ್ಲಿಸಿದ.

ನೆವಿಲ್‌ಗೆ ಇದು ಸರಿಬರಲಿಲ್ಲ. ಗೋಡೆಯ ಮೇಲಿನ ಕಪ್ಪುಹಲಗೆಯಲ್ಲಿ ಪ್ರತಿ ಭಾನುವಾರ ಗೆದ್ದವರ ಹೆಸರು ಬರೆಯುವುದು ಅವನ ಕೆಲಸ. ಹೀಗಾದರೆ ಗೆದ್ದವರು ಯಾರು ಎಂದು ರಾಗ ಎಳೆದ. ಅದಕ್ಕೆ ಆಲ್ವಿನ್ ಉತ್ತರ ಕೊಟ್ಟ, ಅವನಿಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿ.

"ಆ ಕಾಲದ ಸೈನಿಕರೇ ಹಾಗಿದ್ರಲ್ಲ. ಯೂಮೆನಿಸ್‌ನ ಹಳೇ ಕಾಲಾಳುಗಳು ಕಾಳಗ ಗೆದ್ದು ಬಂದು ನೋಡಿದ್ರೆ, ಹೆಂಡ್ತಿ ಮಕ್ಕಳಿದ್ದ ಪಾಳೆಯ ಆಂಟಿಗೊನಸ್‌ನ ಕೈಯಲ್ಲಿತ್ತು. ಮರುದಿನ ಆ ಕಡೆಗೆ ಸೇರ್ಕೊಂಡ್ರು. ಅವರನ್ನ ಕೇಳಿದ್ರೆ ಗೆದ್ದೋರು ಯಾರು ಅಂತಿದ್ರೋ."

"ನೀನು ಹಲಗೆ ಮೇಲೆ ಎರಡೂ ಹೆಸರು ಬರಿ ನೆವಿಲ್," ಎಂದಳು ರೋವೀನಾ. "ಕೈ ಸವೆಯಲ್ಲ."

ಆಟ ಮುಂದುವರಿಯಿತು. ಆಲ್ವಿನ್ ಈಗ ಆಂಟಿಗೊನಸ್. ಕುದುರೆಪಡೆಯನ್ನು ತಾನು ಮೊದಲು ಕಂಡ ಓಣಿಯೊಳಕ್ಕೇ ನುಗ್ಗಿಸಿದ. ಇನ್ನೊಂದು ಸುತ್ತಿಗೆ ಪಾಳೆಯ ಕೈಗೆ. ತನ್ನ ನಡೆ ಮುಗಿಸಿ ಅವನು ಕಿಟಕಿಗೆ ಹೋಗಿ ನಿಂತಿದ್ದಾಗ ರೋವೀನಾ ಯೂಮೆನಿಸ್‌ನ ಸೇನೆಯನ್ನು ಸರಿಸಿದಳು. ಸುತ್ತು ಮುಗಿದು ಜಾಗ ಬದಲಾಯಿತು. ಅವನು ಕಿಟಕಿಯಿಂದ ಬಂದು ಯೂಮೆನಿಸ್‌ನ ಕುರ್ಚಿಯಲ್ಲಿ ಕೂತು ತಲೆ ಎತ್ತಿದ.

ಆನೆಗಳು ಸಾಲಿನ ಮುಂದೆ ಇರಲಿಲ್ಲ. ವೈರಿಗೆ ಬೆನ್ನು ತಿರುಗಿಸಿ, ತಮ್ಮದೇ ಈಟಿಗಾರರ ಹಿಂದೆ, ಪಾಳೆಯದ ಕಡೆ ಮುಖ ಮಾಡಿ ನಿಂತಿದ್ದವು.

ಆಲ್ವಿನ್ ಬಹಳ ಹೊತ್ತು ನೋಡಿದ. ಆನೆ ಎಂದರೆ ಸಾಲಿನ ಮುಂದೆ. ಅವನು ಓದಿದ್ದೂ ಹಾಗೆ, ಹೂಡಿದ್ದೂ ಹಾಗೆ. ಎರಡೂ ಕುರ್ಚಿಯಲ್ಲಿ ಕೂತು ಎಷ್ಟು ಕಾಳಗ ಆಡಿದ್ದರೂ ಆನೆಗಳು ಒಂದು ಸಲವೂ ಹೀಗೆ ತಿರುಗಿರಲಿಲ್ಲ. ಇದನ್ನು ಯಾಕೆ ಹೀಗೆ ಮಾಡಿದರು ಎಂದು ಅವನು ತನ್ನನ್ನು ಕೇಳಿಕೊಂಡ. ಉತ್ತರ ಬರಲಿಲ್ಲ. ಅಟ್ಟದ ಮೇಜಿನಲ್ಲಿ ಆ ಪ್ರಶ್ನೆಗೆ ಉತ್ತರ ಬರದೆ ಇದ್ದದ್ದೇ ಇಲ್ಲ, ಯಾಕೆಂದರೆ ಮಾಡಿದವನು ತಾನೇ. ಅಷ್ಟು ಶಿಸ್ತಿನ ನಿಷ್ಪಕ್ಷಪಾತದಲ್ಲಿಯೂ ಅವನು ಒಂದನ್ನು ಪಡೆದಿರಲಿಲ್ಲ: ತನಗೆ ಗೊತ್ತಿಲ್ಲದ್ದು ಏನೆಂದು ಕಾಣುವ ಭಾಗ್ಯ. ಎಲ್ಲ ಬಾಟಲಿಯಲ್ಲೂ ಒಂದೇ ಕೆರೆಯ ನೀರಿದ್ದರೆ ಗುರುತು ಮುಚ್ಚಿಟ್ಟು ಏನು ಪ್ರಯೋಜನ? ಅವನು ಆಕೆಯ ಮುಖ ನೋಡಿದ. ಆಕೆ ಬನ್ನಿನ ಕೊನೆಯ ತುಣುಕನ್ನು ಬಾಯಿಗೆ ಹಾಕಿಕೊಂಡು, ರೋಗಿಗೆ ಸೂಜಿ ಕಾಣದಂತೆ ಹಿಡಿದ ವೈದ್ಯೆಯ ಹಾಗೆ, ಏನೂ ಗೊತ್ತಿಲ್ಲದವಳಂತೆ ಕೂತಿದ್ದಳು.

ಆಕೆಯ ಉದ್ದೇಶ ತಿಳಿಯದೆಯೇ ಅವನು ಆನೆಗಳನ್ನು ಅದೇ ದಿಕ್ಕಿನಲ್ಲಿ ಒಂದು ಹೆಜ್ಜೆ ನಡೆಸಿದ. ಈಗ ಕುದುರೆಪಡೆ ಆಕೆಯದು. ಓಣಿಯ ಕೊನೆಗೆ ಬಂದ ಕುದುರೆಗಳ ಎದುರಿಗೆ ಆನೆಗಳ ಗೋಡೆ ನಿಂತಿತ್ತು. ಆನೆಯ ವಾಸನೆಗೆ ಕುದುರೆ ಹಿಂಜರಿಯುತ್ತದೆ ಎಂಬುದು ಆಟದ ನಿಯಮ. ತಾನೇ ಒಡ್ಡಿದ ಬಲೆಯೊಳಗೆ ತಾನೇ ಬಂದು ಸಿಕ್ಕಿದ್ದಳು ರೋವೀನಾ. ದಾಳ ಉರುಳಿಸಿದಳು. ಒಂದು ಬಿತ್ತು. ಕುದುರೆಪಡೆ ದಿಕ್ಕೆಟ್ಟು ಬಂದ ದಾರಿಯಲ್ಲೇ ಓಡಿತು, ಓಡುತ್ತ ತನ್ನದೇ ಬಿಲ್ಲಾಳುಗಳನ್ನು ತುಳಿಯಿತು.

ಆಲ್ವಿನ್ ನಕ್ಕ. ಭುಜ ಕುಲುಕುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಕಾಳಗದ ಮೇಜಿನ ಎದುರು ತಾನು ಗಟ್ಟಿಯಾಗಿ ನಕ್ಕದ್ದು ಕೆನಡಾಕ್ಕೆ ಹೋದ ಆ ಹುಡುಗನ ಜೊತೆಗೇ ಕೊನೆ ಎಂದು ಆಮೇಲೆ ನೆನಪಾಯಿತು.

"ನಗಬೇಡಿ. ಮುಂದಿನ ಸುತ್ತಿಗೆ ಈ ರಂಪವೆಲ್ಲ ನಿಮ್ಮ ತಲೆಗೇ," ಎಂದಳು ಆಕೆ, ಏಳುತ್ತ.

ಹೊತ್ತು ಇಳಿದು ಸಭಾಂಗಣ ಮುಚ್ಚುವ ಸಮಯವಾದರೂ ಕಾಳಗ ಮುಗಿದಿರಲಿಲ್ಲ. ಉಳಿದವರು ಮೇಜು ಮಡಿಚುತ್ತಿದ್ದರು. ಆಲ್ವಿನ್ ಅಭ್ಯಾಸದಂತೆ ಪೆಟ್ಟಿಗೆಗೆ ಕೈಹಾಕಿದ. ನೆವಿಲ್ ಬಂದು, ಅವನ ಪಕ್ಕ ನಿಂತು, ಓಡಿಹೋಗುವ ಕುದುರೆಗಳನ್ನೂ ತಿರುಗಿ ನಿಂತ ಆನೆಗಳನ್ನೂ ಒಂದಷ್ಟು ಹೊತ್ತು ನೋಡಿದ. ಕೆಮ್ಮಿದ. ಆಮೇಲೆ, ಹಳೆಯ ಹಾರ್ಮೋನಿಯಂ ಇಟ್ಟಿರುವ ಹಿಂದಿನ ಕೋಣೆಯಲ್ಲಿ ಒಂದು ಪಿಂಗ್‌ಪಾಂಗ್ ಮೇಜು ಧೂಳು ತಿನ್ನುತ್ತ ಬಿದ್ದಿದೆ, ಹಸಿರು ಬಟ್ಟೆ ಹಾಸಿದರೆ ಯಾರಿಗೂ ಗೊತ್ತಾಗದು ಎಂದ. ಮೇಲೊಂದು ಹೊದಿಕೆ ಹಾಕಿದರೆ ಮುಂದಿನ ಭಾನುವಾರದ ತನಕ ಇರಲಿ. ಕೀಲಿ ಕೊಡುತ್ತೇನೆ.

"ಒಬ್ಬರಿಗೊಂದು ಮೇಜು ಕೊಡಲ್ಲ ಅಂದಿದ್ದೆ, ಅದಕ್ಕೆ ಈಗಲೂ ಬದ್ಧ," ಎಂದು ಸೇರಿಸಿದ. "ಇದು ಇಬ್ಬರಿಗೆ."

ಅಲ್ಲಿಯೇ ಇದ್ದ ನಾಲ್ಕಾರು ಜನ ಕೈಜೋಡಿಸಿ, ಗೊಂಬೆಗಳಿದ್ದ ಹಲಗೆಗಳನ್ನು ಅಲುಗದಂತೆ ಹೊತ್ತು ಆ ಕೋಣೆಗೆ ಸಾಗಿಸಿದರು. ಬಾಗಿಲಲ್ಲಿ ಒಬ್ಬ ಮಾವುತ ಬಿದ್ದ. ಎತ್ತುವ ಮೊದಲು ಎತ್ತಿಕೊಳ್ಳಲಾ ಎಂದು ಹಲಗೆ ಹೊತ್ತವರೊಬ್ಬರು ಕೇಳಿದರು, ಒಮ್ಮೆ ಆಲ್ವಿನ್‌ನನ್ನು, ಒಮ್ಮೆ ರೋವೀನಾಳನ್ನು.

ಮನೆಗೆ ಬಂದಾಗ ಗಡಿಯಾರ ಐದು ದಾಟಿತ್ತು. ಮೇಜುಬಟ್ಟೆ ಹಾಸಿ, ತಟ್ಟೆ ಇಟ್ಟು ಮ್ಯೂರಿಯೆಲ್ ಬಾಗಿಲ ಕಡೆಗೇ ನೋಡುತ್ತಿದ್ದಳು. ಅವನ ಕೈಯಲ್ಲಿ ಖಾಲಿ ಪೆಟ್ಟಿಗೆಗಳು ಮಾತ್ರ ಇರುವುದನ್ನು ಕಂಡು ಆಕೆಯ ಮುಖ ಇಳಿಯಿತು.

"ಕೊಟ್ಟೇ ಬಿಟ್ಯಾ? ಮೇಳದ ತನಕವೂ ತಡೀಲಿಲ್ವಾ?"

"ಇಲ್ಲ ಮ್ಯೂರಿಯೆಲ್. ಅಲ್ಲೇ ಬಿಟ್ಟು ಬಂದೆ. ಕಾಳಗ ಇನ್ನೂ ನಡೀತಾ ಇದೆ."

ಆಕೆ ಓರೆಯಾಗಿದ್ದ ತಟ್ಟೆಯೊಂದನ್ನು ನೇರಕ್ಕೆ ಇಟ್ಟಳು. ಆಮೇಲೆ, ಕಡುಬು ಆರಿಹೋಗುತ್ತೆ, ಕೈತೊಳ್ಕೋ ಎಂದು ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳು ಎಂದಿಗಿಂತ ಲವಲವಿಕೆಯಿಂದ ಸದ್ದು ಮಾಡಿದವು. ಆಲ್ವಿನ್ ಪೆಟ್ಟಿಗೆಗಳನ್ನು ಗೋಡೆಗೆ ಒರಗಿಸಿ ಮೇಜಿನ ಬಳಿ ನಿಂತ. ಈಚೆಯ ಉದ್ದಬದಿ ಅವನು ಬಲ್ಲ, ಆಚೆಯದೂ ಬಲ್ಲ. ಅವನ ಕಾಲು, ಇವತ್ತು ಯಾಕೋ ನಿಲ್ಲುವ ಮನಸ್ಸಿಲ್ಲದ ಕಾಲು, ಮೇಜು ಸುತ್ತಿ ಅಡುಗೆಮನೆಯ ಬಾಗಿಲ ಕಡೆಯ ತುದಿಗೆ ಒಯ್ದಿತು. ಅಕ್ಕನ ಕುರ್ಚಿಯಲ್ಲಿ ಕೂತ. ಈ ಮನೆಗೆ ಬಂದಂದಿನಿಂದ ಅಲ್ಲಿ ಕೂತದ್ದು ಅದೇ ಮೊದಲು.

ಎದುರಿಗೆ ಕಿಟಕಿ. ಕಿಟಕಿಯಲ್ಲಿ, ಸರಿಯಾಗಿ ಕಣ್ಣಿನ ಮಟ್ಟಕ್ಕೆ, ಕಡುಗೆಂಪಿನಿಂದ ತಿಳಿಹಳದಿಯವರೆಗೆ ಅವನ ಬಣ್ಣದ ಶೀಶೆಗಳ ಸಾಲು. ಅವುಗಳ ಹಿಂದೆ ಏನೋ ಅಲ್ಲಾಡಿತು. ಅವನು ಕತ್ತನ್ನು ಅತ್ತ ಕೊಂಕಿಸಿದ, ಇತ್ತ ಕೊಂಕಿಸಿದ. ಎರಡು ಶೀಶೆಗಳ ಸಂದಿನಲ್ಲಿ ಹಿತ್ತಲಿನ ಸೇಬಿನ ಮರ, ಅದಕ್ಕೆ ತೂಗುಹಾಕಿದ ಕಾಳಿನ ಬಟ್ಟಲು, ಬಟ್ಟಲ ಅಂಚಿನ ಮೇಲೆ ಕೆಂಪೆದೆಯ ಪುಟ್ಟ ಹಕ್ಕಿಯ ಬಾಲ ಕಂಡವು.

ಮ್ಯೂರಿಯೆಲ್ ಕಡುಬಿನ ತಟ್ಟೆ ಹಿಡಿದು ಬಂದಾಗ ಅವನು ಕಿಟಕಿಯ ಬಳಿ ನಿಂತು ಶೀಶೆಗಳನ್ನು ಒಂದೊಂದಾಗಿ ಖಾಲಿ ಪೆಟ್ಟಿಗೆಗೆ ಇಳಿಸುತ್ತಿದ್ದ.

"ಅದೆಲ್ಲ ಈಗ್ಯಾಕೆ," ಎಂದಳು.

"ಅಲ್ಲಿಗೇ ಒಯ್ತೀನಿ. ಮಾವುತನೊಬ್ಬನಿಗೆ ಬಣ್ಣ ಹಚ್ಚೋದಿದೆ, ಇವತ್ತು ಬಿದ್ದ."

ಆಕೆ ತಟ್ಟೆ ಇಟ್ಟು ತನ್ನ ಕುರ್ಚಿಯಲ್ಲಿ ಕೂತಳು. ಅವನು ಕೊನೆಯ ಶೀಶೆಯನ್ನು ತೆಗೆದ. ಹಕ್ಕಿ ಇನ್ನೂ ಅಲ್ಲೇ ಇತ್ತು.

"ಬಂತು ನೋಡು, ಅದರ ಗಂಡನೂ," ಎಂದಳು ಮ್ಯೂರಿಯೆಲ್, ಕತ್ತು ಕೊಂಕಿಸದೆ, ನೇರಕ್ಕೆ ನೋಡುತ್ತ.